ಇಸ್ರೇಲ್–ಪ್ಯಾಲೆಸ್ಟೀನ್: ಹೊರಗಿನವರ ಬೆಂಬಲದಿಂದ ಶಾಂತಿ ಬರುತ್ತದಾ?

ಓದುಗರ ಪ್ರಶ್ನೆ: ನಾನು ಉಡುಪಿ ಜಿಲ್ಲೆಯವನು. ನನ್ನ ಅಕ್ಕ ಇಸ್ರೇಲ್‌ನ ಅಶ್ಕೆಲಾನ್‌ನಲ್ಲಿ ಕೇರ್‌ಗಿವರ್ ಆಗಿ ಕೆಲಸ ಮಾಡುತ್ತಾರೆ. ಹಾಗಾಗಿ ಮನೆಯಲ್ಲಿ ಎಲ್ಲರೂ ಅಲ್ಲಿನ ಸುದ್ದಿ ದಿನಾ ನೋಡುತ್ತೇವೆ. ಪ್ರತಿ ಸಲ ಯುದ್ಧ ನಿಂತಾಗ ದೊಡ್ಡ ಸಮ್ಮೇಳನ ಆಗುತ್ತದೆ, ಹತ್ತಾರು ದೇಶಗಳು ಕೋಟಿಗಟ್ಟಲೆ ಹಣ ಘೋಷಿಸುತ್ತವೆ, ನಾಯಕರು ಕೈ ಕುಲುಕುತ್ತಾರೆ. ಕೆಲವು ವರ್ಷ ಕಳೆದರೆ ಮತ್ತೆ ಅದೇ ಕಥೆ. ಇಷ್ಟೆಲ್ಲ ಅಂತಾರಾಷ್ಟ್ರೀಯ ಬೆಂಬಲದಿಂದ ನಿಜಕ್ಕೂ ಏನಾದರೂ ಆಗಿದೆಯಾ? ಭಾರತ ಏನಾದರೂ ಮಾಡಬಹುದಾ?

ಉತ್ತರ: ಮೊದಲಿಗೆ, ನಿಮ್ಮ ಅಕ್ಕ ಕ್ಷೇಮವಾಗಿರಲಿ. ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ನಿಮ್ಮ ಹಾಗೆಯೇ ಮೊಬೈಲ್ ಹಿಡಿದು ಅಲ್ಲಿನ ಸುದ್ದಿಗೆ ಕಾಯುವವರಿದ್ದಾರೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಹೊರಗಿನವರ ಬೆಂಬಲದಿಂದ ಕೆಲಸ ಆಗಿದೆ. ಆದರೆ ಎಲ್ಲ ಕಡೆ ಆಗಿಲ್ಲ. ಎಲ್ಲಿ ಆಯಿತು, ಎಲ್ಲಿ ಆಗಲಿಲ್ಲ ಎಂದು ಎಪ್ಪತ್ತು ವರ್ಷಗಳ ದಾಖಲೆ ಇಟ್ಟುಕೊಂಡು ನೋಡಿದರೆ, ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಆ ನೆರವನ್ನು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿತ್ತು? ಯಾರೋ ಒಬ್ಬರು ಬೇಡ ಅಂದ ಕೂಡಲೇ ಗಂಟುಮೂಟೆ ಕಟ್ಟಬೇಕಾದ ನೆರವು ಅಲ್ಲಿ ಬಾಳಿಲ್ಲ. ಒಬ್ಬರಿಂದಲೇ ನಿಲ್ಲಿಸಲಾಗದ ಹಾಗೆ ಕಟ್ಟಿದ ನೆರವು ಇವತ್ತಿಗೂ ಉಳಿದಿದೆ.

ಇದಕ್ಕೆ ಮೊದಲ ಉದಾಹರಣೆಯಲ್ಲಿ ಭಾರತವೇ ಇದೆ. 1956ರಲ್ಲಿ ಸೂಯೆಜ್ ಕಾಲುವೆ ವಿಷಯಕ್ಕೆ ಈಜಿಪ್ಟ್ ಮೇಲೆ ಇಸ್ರೇಲ್, ಬ್ರಿಟನ್, ಫ್ರಾನ್ಸ್ ಯುದ್ಧ ಮಾಡಿದವು. ಅದನ್ನು ನಿಲ್ಲಿಸಲು ಕೆನಡಾದ ವಿದೇಶಾಂಗ ಸಚಿವ ಲೆಸ್ಟರ್ ಪಿಯರ್ಸನ್ ಒಂದು ಹೊಸ ಯೋಚನೆ ಮುಂದಿಟ್ಟರು: ಈಜಿಪ್ಟ್ ಮತ್ತು ಇಸ್ರೇಲ್ ಸೇನೆಗಳ ಮಧ್ಯೆ ವಿಶ್ವಸಂಸ್ಥೆಯ ಪಡೆ ನಿಲ್ಲಲಿ. ಮರುವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಪಡೆಯಲ್ಲಿ ಭಾರತದ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಗಾಜಾ ಗಡಿಯುದ್ದಕ್ಕೂ, ಸಿನಾಯ್ ಮರಳುಗಾಡಿನಲ್ಲೂ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಕಾವಲು ಕಾದರು. ಆ ಗಡಿ ಅಷ್ಟೂ ಕಾಲ ಹೆಚ್ಚುಕಡಿಮೆ ಶಾಂತವಾಗಿಯೇ ಇತ್ತು.

ಆದರೆ ಪಡೆ ನಿಂತಿದ್ದು ಈಜಿಪ್ಟ್ ಹಿಡಿತದಲ್ಲಿದ್ದ ನೆಲದಲ್ಲಿ ಮಾತ್ರ. ತನ್ನ ಕಡೆಗೆ ಬರಲು ಇಸ್ರೇಲ್ ಒಪ್ಪಿರಲಿಲ್ಲ. ಅಂದರೆ ಈಜಿಪ್ಟ್ ಒಂದೇ ಹೇಳಿದರೆ ಸಾಕು, ಪಡೆ ಹೊರಡಬೇಕು. 1967ರ ಮೇ ತಿಂಗಳಲ್ಲಿ ಅಧ್ಯಕ್ಷ ನಾಸೆರ್ ಹಾಗೆಯೇ ಹೇಳಿದರು. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಊ ಥಾಂಟ್ ಒಪ್ಪಿಕೊಂಡರು. ಆಗ ಪಡೆಯ ಮುಖ್ಯಸ್ಥರಾಗಿದ್ದವರು ಭಾರತದ ಮೇಜರ್ ಜನರಲ್ ಇಂದರ್ ಜಿತ್ ರಿಖಿ. ಸೈನಿಕರು ಇನ್ನೂ ಪೂರ್ತಿ ಹೊರಟಿರಲಿಲ್ಲ, ಜೂನ್ 5ಕ್ಕೆ ಯುದ್ಧ ಶುರುವಾಯಿತು. ಗಾಜಾದಲ್ಲಿ ಉಳಿದಿದ್ದ ಭಾರತೀಯ ಸೈನಿಕರಲ್ಲಿ ಹಲವರು ಇಸ್ರೇಲಿ ಗುಂಡಿನ ದಾಳಿಗೆ ಸಿಕ್ಕಿ ಸತ್ತರು. ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿ ಈ ವಿಷಯ ಇರಬೇಕಿತ್ತು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಈಗ ಅದೇ ಸಿನಾಯ್, ಹನ್ನೆರಡು ವರ್ಷ ಬಿಟ್ಟು. 1979ರಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ಶಾಂತಿ ಒಪ್ಪಂದ ಮಾಡಿಕೊಂಡವು. 1967ರ ಯುದ್ಧದಲ್ಲಿ ವಶಪಡಿಸಿಕೊಂಡಿದ್ದ ಇಡೀ ಸಿನಾಯ್ ಅನ್ನು ಇಸ್ರೇಲ್ ಬಿಟ್ಟುಕೊಡಬೇಕು, ಯಾಮಿತ್ ಎನ್ನುವ ಊರಿನಲ್ಲಿ ಮನೆ ಕಟ್ಟಿಕೊಂಡಿದ್ದ ತನ್ನ ಜನರನ್ನೂ ಎಬ್ಬಿಸಬೇಕು. ಈಜಿಪ್ಟ್ ಅಲ್ಲಿ ಎಷ್ಟು ಸೈನ್ಯ ಇಡಬಹುದು ಎನ್ನುವುದಕ್ಕೂ ಮಿತಿ ಹಾಕಲಾಯಿತು. ಇದನ್ನೆಲ್ಲ ನೋಡಿಕೊಳ್ಳಲು ಮತ್ತೆ ಒಂದು ಪಡೆ ಬೇಕಾಯಿತು. ಸೋವಿಯತ್ ವೀಟೊ ಭಯದಿಂದ ಭದ್ರತಾ ಮಂಡಳಿಯಲ್ಲಿ ಅದು ಆಗಲಿಲ್ಲ. ಆಗ ಅಮೆರಿಕ, ಈಜಿಪ್ಟ್, ಇಸ್ರೇಲ್ ಮೂರೂ ಸೇರಿ ವಿಶ್ವಸಂಸ್ಥೆಯ ಹೊರಗೇ ಒಂದು ಬಹುರಾಷ್ಟ್ರೀಯ ಪಡೆ ಕಟ್ಟಿದವು. ಅದು 1982ರ ಏಪ್ರಿಲ್‌ನಲ್ಲಿ ಕೆಲಸ ಶುರುಮಾಡಿತು. ಫಿಜಿ, ಕೊಲಂಬಿಯಾದಂಥ ದೂರದ ದೇಶಗಳ ಸೈನಿಕರು ಅದರಲ್ಲಿದ್ದಾರೆ. ಖರ್ಚಿನ ಬಹುಪಾಲನ್ನು ಈ ಮೂರು ದೇಶಗಳೇ ಹಂಚಿಕೊಳ್ಳುತ್ತವೆ. ಯಾರೋ ಒಬ್ಬರು ಮುನಿಸಿಕೊಂಡು ಪಡೆಯನ್ನು ಕಳುಹಿಸಿಬಿಡುವಂತಿಲ್ಲ. 1967ರ ಪಾಠ ಅವರಿಗೆ ಚೆನ್ನಾಗಿ ನೆನಪಿತ್ತು. 1979ರ ಒಪ್ಪಂದದ ನಂತರ ಅದಕ್ಕೆ ಸಹಿ ಹಾಕಿದ್ದ ಈಜಿಪ್ಟ್ ಅಧ್ಯಕ್ಷ ಸಾದತ್ ಕೊಲೆಯಾಯಿತು, ಲೆಬನಾನ್ ಯುದ್ಧ ಆಯಿತು, ಎರಡು ಇಂತಿಫಾದಾ (ಪ್ಯಾಲೆಸ್ಟೀನಿಯರ ದಂಗೆ) ಆದವು, ಕೈರೋದಲ್ಲಿ ಸರ್ಕಾರವೇ ಉರುಳಿತು, ಈಗ ಗಾಜಾ ಯುದ್ಧವೂ ಆಯಿತು. ಆ ಒಪ್ಪಂದ ಮಾತ್ರ ಮುರಿದಿಲ್ಲ.

ಪ್ಯಾಲೆಸ್ಟೀನಿಯರ ವಿಷಯಕ್ಕೆ ಬಂದಾಗ ಇಂಥದ್ದು ಯಾಕೆ ಆಗಲಿಲ್ಲ? ಇಲ್ಲಿ ಓಸ್ಲೋ ಒಪ್ಪಂದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

1993ರ ಜನವರಿಯಲ್ಲಿ ನಾರ್ವೆಯ ಸಾರ್ಪ್ಸ್‌ಬೋರ್ಗ್ ಹತ್ತಿರದ ಒಂದು ದೊಡ್ಡ ಮನೆಯಲ್ಲಿ ಗುಟ್ಟಾಗಿ ಮಾತುಕತೆ ಶುರುವಾಯಿತು. ಇಸ್ರೇಲ್ ಕಡೆಯಿಂದ ಬಂದವರು ಇಬ್ಬರು ವಿದ್ವಾಂಸರು, ಯಾಯಿರ್ ಹಿರ್ಷ್‌ಫೆಲ್ಡ್ ಮತ್ತು ರಾನ್ ಪುಂಡಕ್. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ (ಪಿಎಲ್ಒ) ಕಡೆಯಿಂದ ಅಹ್ಮದ್ ಕುರೇ. ನಡುವೆ ನಿಂತವರು ಫಾಫೊ ಎನ್ನುವ ನಾರ್ವೆಯ ಸಂಶೋಧನಾ ಸಂಸ್ಥೆಯ ತೆರ್ಯೆ ರೋಡ್-ಲಾರ್ಸೆನ್ ಮತ್ತು ರಾಜತಾಂತ್ರಿಕ ಅಧಿಕಾರಿಯಾಗಿದ್ದ ಅವರ ಪತ್ನಿ ಮೋನಾ ಯೂಲ್. ನಾರ್ವೆಯವರು ಚರ್ಚೆಯಲ್ಲಿ ಜಾಸ್ತಿ ತಲೆ ಹಾಕಲಿಲ್ಲ. ಇಬ್ಬರನ್ನೂ ಒಂದೇ ಮನೆಯಲ್ಲಿ ಉಳಿಸಿದರು, ಒಂದೇ ಮೇಜಿನಲ್ಲಿ ಊಟಕ್ಕೆ ಕೂರಿಸಿದರು, ಸುದ್ದಿ ಹೊರಗೆ ಹೋಗದ ಹಾಗೆ ನೋಡಿಕೊಂಡರು. ಎಂಟು ತಿಂಗಳಲ್ಲಿ ಒಪ್ಪಂದ ಸಿದ್ಧವಾಯಿತು. ಸೆಪ್ಟೆಂಬರ್ 13ಕ್ಕೆ ಶ್ವೇತಭವನದ ಅಂಗಳದಲ್ಲಿ ಇಸ್ರೇಲ್ ಪ್ರಧಾನಿ ರಾಬಿನ್ ಮತ್ತು ಪಿಎಲ್ಒ ನಾಯಕ ಅರಾಫತ್ ಕೈ ಕುಲುಕಿದರು. ಮರುತಿಂಗಳೇ ವಾಷಿಂಗ್ಟನ್‌ನಲ್ಲಿ ದಾನಿ ದೇಶಗಳು ಸೇರಿ 200 ಕೋಟಿ ಡಾಲರ್‌ಗೂ ಹೆಚ್ಚು ಕೊಡುತ್ತೇವೆ ಎಂದವು. ಮಾತುಕತೆಗೆ ನೆರವು ಹೇಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ತೊಂದರೆ ಇದ್ದದ್ದು ಸಹಿಯ ಮಾರನೆಯ ದಿನದಲ್ಲಿ. ಜೆರುಸಲೇಮ್, ನಿರಾಶ್ರಿತರು, ಯಹೂದಿ ವಸಾಹತುಗಳು, ಗಡಿ ಎಲ್ಲವನ್ನೂ ಮುಂದಕ್ಕೆ ಹಾಕಿದ್ದರು. ಐದು ವರ್ಷದಲ್ಲಿ ಬಗೆಹರಿಸೋಣ ಎನ್ನುವ ಮಾತಿತ್ತು. ಈ ಮಧ್ಯೆ ಯಾರಾದರೂ ಕೊಟ್ಟ ಮಾತು ತಪ್ಪಿದರೆ? ಒಪ್ಪಂದದ 15ನೇ ವಿಧಿ ಓದಿ ನೋಡಿ. ವಿವಾದ ಬಂದರೆ ಮಧ್ಯಸ್ಥಿಕೆಗೆ ಹೋಗಬಹುದು, ಆದರೆ ಎರಡೂ ಕಡೆಯವರು ಒಪ್ಪಿದರೆ ಮಾತ್ರ! ತಪ್ಪು ಮಾಡಿದವರೂ ಒಪ್ಪಬೇಕು. ನೋಡುವ ಮೂರನೆಯ ಕಣ್ಣು ಇರಲಿಲ್ಲ, ಇದು ತಪ್ಪು ಎಂದು ಬಹಿರಂಗವಾಗಿ ಹೇಳುವ ಬಾಯಿಯೂ ಇರಲಿಲ್ಲ. ನಮ್ಮ ಊರುಗಳಲ್ಲಿ ದಾಯಾದಿಗಳ ಜಮೀನು ಜಗಳ ಬಿಡಿಸಿದ ಹಿರಿಯರು, ಗಡಿಕಲ್ಲು ನೆಡುವ ಮೊದಲೇ ಬಸ್ಸು ಹತ್ತಿ ಹೋದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿದೆ.

ಹಾಗೇ ಆಯಿತು. ಹಮಾಸ್‌ನ ಬಾಂಬ್‌ಗಳು ಬಸ್ಸುಗಳಲ್ಲಿ, ಮಾರುಕಟ್ಟೆಗಳಲ್ಲಿ ಸಿಡಿದವು. ಮಾತುಕತೆ ಬೇಡ ಎನ್ನುವ ಇಸ್ರೇಲಿಗಳ ಸಂಖ್ಯೆ ಬೆಳೆಯಿತು. 1995ರ ನವೆಂಬರ್ 4ಕ್ಕೆ ಒಬ್ಬ ಯಹೂದಿ ಉಗ್ರವಾದಿ ರಾಬಿನ್ ಅವರನ್ನೇ ಗುಂಡಿಟ್ಟು ಕೊಂದ. ಇನ್ನೊಂದು ಕಡೆ, 1967ರಿಂದ ಇಸ್ರೇಲ್ ಹಿಡಿತದಲ್ಲಿರುವ ವೆಸ್ಟ್ ಬ್ಯಾಂಕ್‌ನಲ್ಲಿ ಯಹೂದಿ ವಸಾಹತುಗಳು ಬೆಳೆಯುವುದು ನಿಲ್ಲಲಿಲ್ಲ. ಓಸ್ಲೋ ಸಹಿ ಆದಾಗ, ಪೂರ್ವ ಜೆರುಸಲೇಮ್ ಬಿಟ್ಟು, ಅಲ್ಲಿ ಸುಮಾರು 1 ಲಕ್ಷದ 10 ಸಾವಿರ ಇಸ್ರೇಲಿಗಳಿದ್ದರು. ಈಗ 5 ಲಕ್ಷ ದಾಟಿದ್ದಾರೆ. ತನ್ನ ಮನೆಯ ಕಿಟಕಿಯಿಂದಲೇ ಎದುರಿನ ಗುಡ್ಡ ಕೈತಪ್ಪುವುದನ್ನು ನೋಡುವ ಪ್ಯಾಲೆಸ್ಟೀನಿ ರೈತನಿಗೆ ಶಾಂತಿ ಪ್ರಕ್ರಿಯೆ ಎನ್ನುವುದು ಏನಾಗಿ ಕಂಡಿರಬಹುದು?

ಒಂದು ಕಡೆ ಮಾತ್ರ ಮೂರನೆಯ ಕಣ್ಣು ಇತ್ತು. ಅದು ವೆಸ್ಟ್ ಬ್ಯಾಂಕ್‌ನ ಹೆಬ್ರಾನ್. 1994ರ ಫೆಬ್ರವರಿ 25, ರಂಜಾನ್ ತಿಂಗಳ ಶುಕ್ರವಾರ. ಇಬ್ರಾಹಿಮಿ ಮಸೀದಿಯಲ್ಲಿ ಬೆಳಗಿನ ನಮಾಜಿಗೆ ಬಗ್ಗಿದ್ದವರ ಮೇಲೆ ಬರೂಖ್ ಗೋಲ್ಡ್‌ಸ್ಟೀನ್ ಎನ್ನುವ ವಸಾಹತುಗಾರ ಗುಂಡಿನ ಮಳೆಗರೆದು 29 ಜನರನ್ನು ಕೊಂದ. ಆಮೇಲೆ ನಾರ್ವೆಯ ನೇತೃತ್ವದಲ್ಲಿ ಕೆಲವು ದೇಶಗಳ ವೀಕ್ಷಕರ ತಂಡ ಅಲ್ಲಿಗೆ ಬಂತು. ಅವರ ಕೈಯಲ್ಲಿ ಆಯುಧ ಇರಲಿಲ್ಲ, ಯಾರನ್ನೂ ಹಿಡಿಯುವ ಅಧಿಕಾರವೂ ಇರಲಿಲ್ಲ. ಬಾಗಿಲು ಮುಚ್ಚಿದ ಅಂಗಡಿಗಳ ಶುಹದಾ ಬೀದಿಯಲ್ಲಿ, ಚೆಕ್‌ಪೋಸ್ಟ್‌ಗಳ ಹತ್ತಿರ, ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಓಡಾಡುವುದು, ಕಂಡದ್ದನ್ನು ಬರೆದುಕೊಳ್ಳುವುದು, ಇಷ್ಟೇ ಅವರ ಕೆಲಸ. ಆ ವರದಿಗಳೂ ಹೊರಗೆ ಬರುತ್ತಿರಲಿಲ್ಲ. ಎರಡೂ ಕಡೆಯವರಿಗೆ ಮತ್ತು ವೀಕ್ಷಕರನ್ನು ಕಳುಹಿಸಿದ ದೇಶಗಳಿಗೆ ಮಾತ್ರ ಹೋಗುತ್ತಿದ್ದವು. 2002ರಲ್ಲಿ ಇಬ್ಬರು ವೀಕ್ಷಕರು ಗುಂಡಿಗೆ ಬಲಿಯಾದರು. ಆದರೂ ತಂಡ ಜಾಗ ಬಿಡಲಿಲ್ಲ. ಪಕ್ಕದಲ್ಲಿ ಯಾರೋ ಹೊರಗಿನವರು ನಿಂತು ನೋಡುತ್ತಿದ್ದಾರೆ ಎನ್ನುವುದೇ ಅಲ್ಲಿನ ಜನರಿಗೆ ಎಷ್ಟೋ ಧೈರ್ಯ.

ಈ ತಂಡದ ಅವಧಿ ಆರಾರು ತಿಂಗಳದ್ದು. ಪ್ರತಿ ಸಲ ಎರಡೂ ಕಡೆಯವರು ಮುಂದುವರಿಸಲು ಒಪ್ಪಬೇಕು. 2019ರ ಜನವರಿಯಲ್ಲಿ ಪ್ರಧಾನಿ ನೆತನ್ಯಾಹು ಮುಂದುವರಿಸುವುದಿಲ್ಲ ಎಂದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕೆಲಸ ಒಂದೇ ಹೇಳಿಕೆಯಲ್ಲಿ ಮುಗಿಯಿತು.

ಹಣದ ವಿಷಯವೂ ಹೀಗೆಯೇ. 1994ರ ಪ್ಯಾರಿಸ್ ಒಪ್ಪಂದದ ಪ್ರಕಾರ ಪ್ಯಾಲೆಸ್ಟೀನ್‌ಗೆ ಬರುವ ಸರಕಿನ ತೆರಿಗೆಯನ್ನು ಇಸ್ರೇಲ್ ವಸೂಲಿ ಮಾಡಿ, ಶೇ 3 ಶುಲ್ಕ ಹಿಡಿದುಕೊಂಡು, ಉಳಿದದ್ದನ್ನು ಪ್ಯಾಲೆಸ್ಟೀನ್ ಪ್ರಾಧಿಕಾರಕ್ಕೆ (ಓಸ್ಲೋ ನಂತರ ಬಂದ ಪ್ಯಾಲೆಸ್ಟೀನಿಯರ ಆಡಳಿತ) ಕೊಡಬೇಕು. ಪ್ರಾಧಿಕಾರದ ಆದಾಯದ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಇದೇ. ರಾಜಕೀಯ ಬಿಸಿಯಾದಾಗಲೆಲ್ಲ ಇಸ್ರೇಲ್ ಈ ಹಣ ತಡೆಹಿಡಿದಿದೆ. ಇಸ್ರೇಲಿಗಳ ಮೇಲೆ ದಾಳಿ ಮಾಡಿ ಜೈಲಿಗೆ ಹೋದವರ, ಸತ್ತವರ ಮನೆಗಳಿಗೆ ಪ್ರಾಧಿಕಾರ ಹಣ ಕೊಡುತ್ತಾ ಬಂದಿತ್ತು ಎನ್ನುವುದು ಇಸ್ರೇಲ್ ಕೊಡುವ ಒಂದು ಕಾರಣ (ಈ ಪದ್ಧತಿಯನ್ನು ರದ್ದು ಮಾಡುವುದಾಗಿ ಪ್ರಾಧಿಕಾರ 2025ರಲ್ಲಿ ಹೇಳಿತು). ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ಹಣ ನಿಂತಾಗ ಅರ್ಧ ಸಂಬಳದಲ್ಲಿ ಮನೆ ನಡೆಸಬೇಕಾದವರು ಮೇಷ್ಟ್ರು, ನರ್ಸು, ಪೊಲೀಸ್ ಪೇದೆ. ಆಗ ಯುರೋಪಿನವರು ಬಂದು ಒಂದಿಷ್ಟು ತುಂಬಿಕೊಡುತ್ತಾರೆ. ಮೂವತ್ತು ವರ್ಷಗಳಲ್ಲಿ ಅಂತಾರಾಷ್ಟ್ರೀಯ ನೆರವಿನ ದೊಡ್ಡ ಪಾಲು ಹೋದದ್ದು ಇಂಥ ಸಂಬಳಕ್ಕೆ, ಪಡಿತರಕ್ಕೆ, ಬಿದ್ದ ಮನೆ ಮತ್ತೆ ಕಟ್ಟುವುದಕ್ಕೆ. ಹಸಿದವರಿಗೆ ಅನ್ನ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಶಾಂತಿಗೆ ಮಾಡಿದ ಖರ್ಚು ಎಂದು ಲೆಕ್ಕ ಬರೆದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ಹಾಗಾದರೆ ಶಾಂತಿಗೆಂದೇ ಖರ್ಚು ಮಾಡುವುದು ಹೇಗೆ? ಇದಕ್ಕೆ ಉತ್ತರ ಐರ್ಲೆಂಡ್‌ನಲ್ಲಿದೆ. ಉತ್ತರ ಐರ್ಲೆಂಡ್‌ನ ಪ್ರೊಟೆಸ್ಟೆಂಟ್–ಕ್ಯಾಥೊಲಿಕ್ ರಕ್ತಪಾತ ನಿಂತದ್ದು 1998ರ ಗುಡ್ ಫ್ರೈಡೇ ಒಪ್ಪಂದದಿಂದ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ 12 ವರ್ಷ ಮೊದಲೇ, ಬಾಂಬ್ ಸಿಡಿಯುತ್ತಿದ್ದ ಕಾಲದಲ್ಲೇ, ಬ್ರಿಟನ್ ಮತ್ತು ಐರ್ಲೆಂಡ್ ಸರ್ಕಾರಗಳು ಒಂದು ಅಂತಾರಾಷ್ಟ್ರೀಯ ನಿಧಿ ತೆರೆದಿದ್ದವು. ಅಮೆರಿಕ, ಯುರೋಪ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅದಕ್ಕೆ ಹಣ ಹಾಕಿದವು. ಇವತ್ತಿನವರೆಗೆ ಸುಮಾರು 90 ಕೋಟಿ ಯೂರೊ. ಎರಡೂ ಸಮುದಾಯಗಳನ್ನು ಬೇರ್ಪಡಿಸಿದ ಗೋಡೆಯ ಎರಡೂ ಬದಿಯ ಜನ ಒಟ್ಟಿಗೆ ದುಡಿಯುವ ಉದ್ಯೋಗ, ಒಟ್ಟಿಗೆ ಸೇರುವ ಯುವಕರ ಕೂಟ, ಇಂಥ ಸಾವಿರಾರು ಸಣ್ಣ ಕೆಲಸಗಳು ನಡೆದವು. ನಾಯಕರು ಸಹಿ ಹಾಕುವ ಹೊತ್ತಿಗೆ ಕೆಳಗೆ ಜನ ಒಂದಷ್ಟು ಸಿದ್ಧರಾಗಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ದೇಶದಲ್ಲಿ ಸರ್ಕಾರ ಬದಲಾದರೆ ನಿಧಿ ಮುಚ್ಚುವ ಹಾಗಿರಲಿಲ್ಲ. ಐರ್ಲೆಂಡ್ ಬೇರೆ, ಪ್ಯಾಲೆಸ್ಟೀನ್ ಬೇರೆ, ನಿಜ. ಬೆಲ್‌ಫಾಸ್ಟ್‌ನಲ್ಲಿ ಲಕ್ಷಾಂತರ ಜನ ಮಿಲಿಟರಿ ಆಡಳಿತದ ಕೆಳಗೆ, ಮತದಾನದ ಹಕ್ಕಿಲ್ಲದೆ ಇರಲಿಲ್ಲ. ಅಷ್ಟು ವ್ಯತ್ಯಾಸ ಒಪ್ಪಿಕೊಂಡ ಮೇಲೂ ಮೊದಲೇ ಶುರುಮಾಡಿ, ಕೈಬಿಡದೆ ಮಾಡುವ ಪದ್ಧತಿ ಅನುಸರಿಸಲು ಯೋಗ್ಯವಾದದ್ದೇ.

ಅಂಥ ಕೆಲಸ ಮಾಡಲು ಅಲ್ಲಿ ಜನ ಇಲ್ಲವೇ ಅಂದರೆ, ಇದ್ದಾರೆ. ನಮ್ಮ ಟಿವಿಗಳಲ್ಲಿ ಕಾಣುವುದಿಲ್ಲ, ಅಷ್ಟೇ. ರೋಡ್ ಟು ರಿಕವರಿ ಎನ್ನುವ ಇಸ್ರೇಲಿ ಸ್ವಯಂಸೇವಕರ ಗುಂಪಿದೆ. ಬೆಳಗಿನ ಜಾವ ಚೆಕ್‌ಪೋಸ್ಟ್ ಹತ್ತಿರ ತಮ್ಮ ಕಾರು ನಿಲ್ಲಿಸಿ ಕಾಯುತ್ತಾರೆ. ಆ ಕಡೆಯಿಂದ ಕ್ಯಾನ್ಸರ್ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿಯೋ ಅಜ್ಜಿಯೋ ದಾಟಿ ಬರುತ್ತಾರೆ. ಅವರನ್ನು ಇಸ್ರೇಲ್‌ನ ಆಸ್ಪತ್ರೆಗೆ ಬಿಟ್ಟು ಇವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇದನ್ನು ಕಟ್ಟಿದ ಯುವಾಲ್ ರೋಥ್ ಅವರ ಸಹೋದರನನ್ನೇ ಹಮಾಸ್ ಕೊಂದಿತ್ತು. ಗಾಜಾದ ರೋಗಿಗಳನ್ನು ಹೀಗೆ ಕರೆದೊಯ್ಯುತ್ತಿದ್ದ, ಶಾಂತಿಗಾಗಿ ದಶಕಗಳ ಕಾಲ ದುಡಿದ ವಿವಿಯನ್ ಸಿಲ್ವರ್ 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಬೇರಿ ಕಿಬ್ಬುತ್ಸ್‌ನ (ಇಸ್ರೇಲಿನ ಸಾಮೂಹಿಕ ಬದುಕಿನ ಹಳ್ಳಿ) ತಮ್ಮ ಮನೆಯಲ್ಲೇ ಕೊಲೆಯಾದರು.

ಪೇರೆಂಟ್ಸ್ ಸರ್ಕಲ್ ಎನ್ನುವ ಇನ್ನೊಂದು ಕೂಟದಲ್ಲಿ ಮನೆಯವರನ್ನು ಕಳೆದುಕೊಂಡ 600ಕ್ಕೂ ಹೆಚ್ಚು ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಕುಟುಂಬಗಳಿವೆ. ರಾಮಿ ಎಲ್ಹಾನನ್ ಅವರ ಮಗಳು ಸ್ಮದಾರ್ 1997ರಲ್ಲಿ ಜೆರುಸಲೇಮ್‌ನ ಆತ್ಮಹತ್ಯಾ ಬಾಂಬ್‌ಗೆ ಬಲಿಯಾದಳು. ಬಸ್ಸಾಮ್ ಅರಾಮಿನ್ ಅವರ ಮಗಳು ಅಬೀರ್ 2007ರಲ್ಲಿ ಶಾಲೆಯ ಹತ್ತಿರವೇ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಸತ್ತಳು, ಹತ್ತು ವರ್ಷದ ಮಗು. ಆ ಇಬ್ಬರು ಅಪ್ಪಂದಿರು ಇವತ್ತು ಒಂದೇ ವೇದಿಕೆಯಲ್ಲಿ ಕೂತು, ನಮ್ಮ ಮಕ್ಕಳ ಹೆಸರಿನಲ್ಲಿ ಇನ್ನೊಬ್ಬರ ಮಗುವನ್ನು ಕೊಲ್ಲಬೇಡಿ ಎಂದು ಊರೂರು ತಿರುಗಿ ಹೇಳುತ್ತಾರೆ. ಅಕ್ಟೋಬರ್ 7ರಂದು ಸುಮಾರು 1200 ಜನ ಸತ್ತ ಮೇಲೂ, ಗಾಜಾದಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 60 ಸಾವಿರಕ್ಕೂ ಜಾಸ್ತಿ ಜನ ಸತ್ತ ಮೇಲೂ ಈ ಕೂಟ ಒಡೆಯಲಿಲ್ಲ.

ಇವರ ಮೇಲಿರುವ ಒತ್ತಡ ಸಣ್ಣದಲ್ಲ. ವೆಸ್ಟ್ ಬ್ಯಾಂಕ್‌ನವರು ಇಸ್ರೇಲ್ ಒಳಗಿನ ಸಭೆಗೆ ಬರಬೇಕಾದರೆ ಸೇನೆಯ ಪರ್ಮಿಟ್ ಬೇಕು. ಬಂದರೆ, ತಮ್ಮ ನೆಲದ ಮೇಲಿನ ಇಸ್ರೇಲಿನ ಒತ್ತುವರಿಯನ್ನು ಒಪ್ಪಿಕೊಂಡ ಎಂದು ತಮ್ಮ ಊರಿನಲ್ಲೇ ಬೈಗುಳ ಕೇಳಬೇಕು. ಇಸ್ರೇಲಿಗಳಿಗೆ ದೇಶದ್ರೋಹಿ ಎನ್ನುವ ಪಟ್ಟ. ವಿದೇಶಿ ಸರ್ಕಾರಗಳಿಂದ ದೇಣಿಗೆ ಪಡೆಯುವ ಸಂಸ್ಥೆಗಳ ಮೇಲೆ ಶೇ 80 ತೆರಿಗೆ ಹಾಕುವ ಮಸೂದೆಯೂ ಇಸ್ರೇಲಿ ಸಂಸತ್ತಿನ ಮುಂದೆ ಬಂದಿತ್ತು.

ಇಂಥ ಗುಂಪುಗಳಿಗೆ ಅಮೆರಿಕದ ಸಂಸತ್ತು 2020ರ ಕೊನೆಯಲ್ಲಿ ಒಂದು ಕಾನೂನಿನ ಮೂಲಕ ಐದು ವರ್ಷಕ್ಕೆ 25 ಕೋಟಿ ಡಾಲರ್ ಇಟ್ಟಿತು. ಹಿಂದೆಂದೂ ಇಷ್ಟು ಹಣ ಈ ಕೆಲಸಕ್ಕೆ ಬಂದಿರಲಿಲ್ಲ. 2025ರಲ್ಲಿ ಅಮೆರಿಕದ ಹೊಸ ಸರ್ಕಾರ ತನ್ನ ವಿದೇಶಿ ನೆರವಿನ ಸಂಸ್ಥೆಯನ್ನೇ ಮುಚ್ಚಿದಾಗ ಈ ಯೋಜನೆಗೂ ಪೆಟ್ಟು ಬಿತ್ತು. ನೋಡಿ, ಮತ್ತೆ ಅದೇ: ಒಂದೇ ದೇಶ, ಒಂದೇ ಆದೇಶ. ಅದಕ್ಕೇ 150ಕ್ಕೂ ಹೆಚ್ಚು ಇಂಥ ಸಂಸ್ಥೆಗಳ ಒಕ್ಕೂಟವಾದ ಆಲ್‌ಮೆಪ್, ಐರ್ಲೆಂಡ್ ಮಾದರಿಯಲ್ಲಿ ಹಲವು ದೇಶಗಳ ಒಂದು ನಿಧಿ ಬೇಕು ಎಂದು ವರ್ಷಗಳಿಂದ ಕೇಳುತ್ತಿದೆ. 2024ರ ಜೂನ್‌ನಲ್ಲಿ ಜಿ-7 ನಾಯಕರು ಇಂಥ ಜನರ ಕೆಲಸಕ್ಕೆ ಬೆಂಬಲ ಕೊಡುವುದಾಗಿ ಮೊದಲ ಬಾರಿಗೆ ತಮ್ಮ ಹೇಳಿಕೆಯಲ್ಲೇ ಬರೆದರು. ಬ್ರಿಟನ್ ಕೂಡ ನಿಧಿಯ ಪರವಾಗಿ ಮಾತಾಡಿದೆ.

ಸುಮ್ನೆ ಮಾತುಕತೆಯ ಕೂಟಗಳಿಂದ ಏನಾಗುತ್ತದೆ, ಒತ್ತುವರಿ ಹೋಗಬೇಕಲ್ಲ ಎಂದು ಪ್ಯಾಲೆಸ್ಟೀನಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2005ರಲ್ಲಿ ಗಾಜಾದಿಂದ ಹೊರಬಂದೆವು, ಬಂದದ್ದು ರಾಕೆಟ್ ತಾನೇ ಎಂದು ಇಸ್ರೇಲಿಗಳು ಕೇಳುತ್ತಾರೆ. ಆ ರಾಕೆಟ್‌ಗಳು ಹೆಚ್ಚಾಗಿ ಬಿದ್ದ ಊರುಗಳಲ್ಲಿ ನಿಮ್ಮ ಅಕ್ಕ ಇರುವ ಅಶ್ಕೆಲಾನ್ ಒಂದು. ಅದೇ ಊರಿನ ಇನ್ನೊಂದು ಸಂಗತಿ ಹೇಳುತ್ತೇನೆ. ಅಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ದೊಡ್ಡ ಘಟಕ ಇದೆ. ಯುದ್ಧಕ್ಕೆ ಮೊದಲೇ, ಕರೆಂಟ್ ಸಾಲದೆ, ಗಾಜಾದ ದಿನಕ್ಕೆ ಸುಮಾರು 10 ಕೋಟಿ ಲೀಟರ್ ಕೊಳಚೆ ನೀರು ಸರಿಯಾಗಿ ಶುದ್ಧವಾಗದೆ ಸಮುದ್ರ ಸೇರುತ್ತಿತ್ತು. ಅಲೆಯ ಜೊತೆ ಅದು ಉತ್ತರಕ್ಕೆ ಬಂದು ಅಶ್ಕೆಲಾನ್ ಘಟಕವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಜೋರ್ಡಾನ್, ಪ್ಯಾಲೆಸ್ಟೀನ್, ಇಸ್ರೇಲ್ ಮೂರೂ ಕಡೆ ಕಚೇರಿ ಇರುವ ಇಕೋಪೀಸ್ ಎನ್ನುವ ಸಂಸ್ಥೆ ಇದನ್ನು ಇಸ್ರೇಲಿ ಅಧಿಕಾರಿಗಳ ಮುಂದಿಟ್ಟು, ಗಾಜಾಕ್ಕೆ ಕರೆಂಟ್ ಕೊಡುವುದು ನಿಮ್ಮದೇ ಕುಡಿಯುವ ನೀರಿನ ವಿಷಯ ಎಂದು ಪಟ್ಟು ಹಿಡಿದು ವಾದಿಸಿತು. ಇಂಥವರಿಗೆ ಹೊರಗಿನವರು ಕೊಡುವ ಹಣ ನನ್ನ ಪ್ರಕಾರ ಒಳ್ಳೆಯ ಕಡೆಗೇ ಹೋಗುತ್ತಿದೆ.

ಈಗ ಗಾಜಾ. 2025ರ ಅಕ್ಟೋಬರ್‌ನ ಕದನವಿರಾಮದ ನಂತರ, ನವೆಂಬರ್ 17ರಂದು ಭದ್ರತಾ ಮಂಡಳಿ 2803ನೇ ನಿರ್ಣಯ ಮಾಡಿತು. ಗಾಜಾದ ಆಡಳಿತದ ಮೇಲ್ವಿಚಾರಣೆಗೆ ಒಂದು ಶಾಂತಿ ಮಂಡಳಿ, ಜೊತೆಗೆ ಒಂದು ಅಂತಾರಾಷ್ಟ್ರೀಯ ಪಡೆ. ಎರಡಕ್ಕೂ 2027ರ ಕೊನೆಯವರೆಗೆ ಅನುಮತಿ. ರಷ್ಯಾ, ಚೀನಾ ಮತ ಹಾಕದೆ ದೂರ ಉಳಿದವು. ಈ ಪಡೆಯ ಬಗ್ಗೆ ಸುದ್ದಿ ಬಂದಾಗ ಎಷ್ಟು ದೇಶ, ಎಷ್ಟು ಸೈನಿಕರು ಎನ್ನುವುದಕ್ಕಿಂತ ಬೇರೆ ವಿಷಯ ಗಮನಿಸಿ. ಕದನವಿರಾಮ ಮುರಿದವರು ಯಾರು ಎಂದು ಬಹಿರಂಗವಾಗಿ ಹೇಳುವ ಅಧಿಕಾರ ಯಾರಿಗಿದೆ? ಇಸ್ರೇಲ್ ಬೇಡ ಅಂದರೆ, ಹಮಾಸ್ ಬಂದೂಕು ತೋರಿಸಿದರೆ, ಅಥವಾ ವಾಷಿಂಗ್ಟನ್‌ನಲ್ಲಿ ಮನಸ್ಸು ಬದಲಾದರೆ ಪಡೆ ಉಳಿಯುತ್ತದಾ? ಪ್ಯಾಲೆಸ್ಟೀನಿಯರಿಗೆ ತಮ್ಮದೇ ರಾಜ್ಯದ ದಾರಿ ಕಾಣದೆ ಇದ್ದರೆ ಅವರು ಈ ಪಡೆಯನ್ನು ಇನ್ನೊಂದು ಸೇನೆ ಎಂದೇ ನೋಡುತ್ತಾರೆ. ಅದಕ್ಕೇ ಮಾನ್ಯತೆಯ ವಿಷಯ ಮುಖ್ಯ. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್ ಕೂಡ ಮಾನ್ಯತೆ ಕೊಟ್ಟ ಮೇಲೆ, ವಿಶ್ವಸಂಸ್ಥೆಯ 193 ಸದಸ್ಯರಲ್ಲಿ 150ಕ್ಕೂ ಹೆಚ್ಚು ದೇಶಗಳು ಪ್ಯಾಲೆಸ್ಟೀನ್ ಅನ್ನು ರಾಜ್ಯವೆಂದು ಒಪ್ಪಿವೆ. ಇದರಿಂದ ನೆಲದ ಮೇಲೆ ಒಂದು ಚೆಕ್‌ಪೋಸ್ಟ್ ಕೂಡ ಕಡಿಮೆಯಾಗಲಿಲ್ಲ, ನಿಜ. ಆದರೆ ಕೊಟ್ಟ ಮಾನ್ಯತೆಯನ್ನು ಇನ್ನೊಬ್ಬರು ಬಂದು ರದ್ದು ಮಾಡಲಾಗುವುದಿಲ್ಲ.

ಕೊನೆಗೆ ಭಾರತ. ನಾವು 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ಟೀನ್ ವಿಭಜನೆಯ ವಿರುದ್ಧ ಮತ ಹಾಕಿದೆವು, 1988ರಲ್ಲಿ ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಟ್ಟೆವು, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದೆವು. 2025ರ ಸೆಪ್ಟೆಂಬರ್ 12ರಂದು ಸಾಮಾನ್ಯ ಸಭೆಯಲ್ಲಿ ಎರಡು ರಾಜ್ಯಗಳ ಪರಿಹಾರದ ನ್ಯೂಯಾರ್ಕ್ ಘೋಷಣೆಯ ಪರ ಮತ ಹಾಕಿದ 142 ದೇಶಗಳಲ್ಲಿ ನಾವೂ ಇದ್ದೆವು. ಎರಡೂ ಕಡೆಯವರ ಜೊತೆ ಹೀಗೆ ಸಲೀಸಾಗಿ ಮಾತಾಡಬಲ್ಲ ದೇಶಗಳು ಜಾಸ್ತಿ ಇಲ್ಲ. ಬ್ರೆಜಿಲ್, ದಕ್ಷಿಣ ಆಫ್ರಿಕಾ ಜೊತೆಗಿನ ನಿಧಿಯಿಂದ ರಾಮಲ್ಲಾದಲ್ಲಿ ಒಂದು ಕ್ರೀಡಾ ಕೇಂದ್ರವನ್ನೂ ಕಟ್ಟಿಸಿದ್ದೇವೆ. ಪ್ಯಾಲೆಸ್ಟೀನಿ ನಿರಾಶ್ರಿತರ ವಿಶ್ವಸಂಸ್ಥೆ ಸಂಸ್ಥೆಗೆ ವರ್ಷಕ್ಕೆ 50 ಲಕ್ಷ ಡಾಲರ್ ಕೊಡುತ್ತಾ ಬಂದಿದ್ದೇವೆ. ಹಲವು ದೇಶಗಳ ಶಾಂತಿ ನಿಧಿ ರೂಪುಗೊಂಡರೆ ಭಾರತ ಅದರಲ್ಲಿ ಮೊದಲ ದಿನದಿಂದಲೇ ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ಮೊತ್ತ ಸಣ್ಣದಾದರೂ ಪರವಾಗಿಲ್ಲ. ದಾನಿಗಳ ಪಟ್ಟಿಯಲ್ಲಿ ಪಶ್ಚಿಮದ ದೇಶಗಳಷ್ಟೇ ಇದ್ದರೆ, ಇದು ಅವರದೇ ಯೋಜನೆ ಎಂದು ಎರಡೂ ಕಡೆಯವರು ಸುಲಭವಾಗಿ ತಳ್ಳಿಹಾಕಬಹುದು. ಭಾರತದ ಹೆಸರಿದ್ದರೆ ಅದು ಅಷ್ಟು ಸುಲಭವಲ್ಲ. ನಿಮ್ಮ ಸಂಸದರಿಗೆ ಈ ನಿಧಿಯ ಬಗ್ಗೆ ಒಂದು ಪತ್ರ ಬರೆಯಿರಿ. ಮನೆಯವರೊಬ್ಬರು ಅಶ್ಕೆಲಾನ್‌ನಲ್ಲಿ ಇರುವವರ ಪತ್ರಕ್ಕೆ ತೂಕ ಜಾಸ್ತಿ.